ಗೋಣಿಕೊಪ್ಪಲಿನ ಮಳೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಚೆಂಡು

ನಾನು ಗೋಣಿಕೊಪ್ಪಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಕಾಲೇಜು ಮಕ್ಕಳಿಗೆ ಹಾಕಿ ಕಲಿಸುತ್ತೇನೆ. ಜೂನ್‌ನಲ್ಲಿ ಆನ್‌ಲೈನಿನಲ್ಲಿ 1,350 ರೂಪಾಯಿ ಕೊಟ್ಟು ಈ ಚೆಂಡು ತರಿಸಿದೆ. ಹಾಕಿಯವರಿಗೆ ಇದೇಕೆ ಅಂತ ಮನೆಯಲ್ಲೂ ಕೇಳಿದರು.

ಕಾರಣ ಡಿಯಾನ್ ಸ್ಯಾಂಡರ್ಸ್. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಎರಡು ಬೇರೆ ಬೇರೆ ತಂಡಗಳಲ್ಲಿ ಸೂಪರ್ ಬೌಲ್, ಅಂದರೆ ಅದರ ಫೈನಲ್, ಗೆದ್ದ ಆಟಗಾರ. ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಕಸಿಯುವುದು ಅವರ ಕೆಲಸ. ನಮ್ಮ ಡಿಫೆಂಡರ್‌ಗಳಿಗೆ ಬೇಕಾದದ್ದೂ ಅದೇ ಅಲ್ವಾ? ಅಷ್ಟು ದೊಡ್ಡ ಆಟಗಾರ 2020ರಲ್ಲಿ ಜಾಕ್ಸನ್ ಸ್ಟೇಟ್‌ನ ಕಾಲೇಜು ತಂಡಕ್ಕೆ ಕೋಚ್ ಆದರು, ಆಮೇಲೆ ಕೊಲರಾಡೊ ವಿಶ್ವವಿದ್ಯಾಲಯದ ತಂಡಕ್ಕೆ ಹೋದರು. 2022ರಲ್ಲಿ 12 ಪಂದ್ಯಗಳಲ್ಲಿ ಒಂದನ್ನೇ ಗೆದ್ದಿದ್ದ ಕೊಲರಾಡೊ, 2024ರಲ್ಲಿ 13ರಲ್ಲಿ 9 ಗೆದ್ದಿತು. 1973ರ ಹಾಕಿ ವಿಶ್ವಕಪ್ ತಂಡದ ನಾಯಕರಾಗಿದ್ದ ನಮ್ಮ ಎಂ.ಪಿ. ಗಣೇಶ್ ಕೂಡ ಮುಂದೆ ಭಾರತ ತಂಡಕ್ಕೆ ಕೋಚ್ ಆದವರು. ಆಡಿದವರು ಕಲಿಸಲು ನಿಂತರೆ ನನಗೆ ತುಂಬಾ ಖುಷಿ.

ಇನ್ನು ಚೆಂಡಿನ ವಿಷಯ. ಉದ್ದ ಸುಮಾರು 28 ಸೆಂಟಿಮೀಟರ್, ತೂಕ 400 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಎರಡೂ ತುದಿ ಚೂಪು. ಅದಕ್ಕೇ ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಗೋಲ್‌ಕೀಪರ್ ಹುಡುಗಿ ಮೊದಲ ದಿನ ಹತ್ತರಲ್ಲಿ ಎರಡು ಹಿಡಿದಳು. ಮೂರನೇ ವಾರಕ್ಕೆ ಏಳು. ಕಾಲು ಈಗ ಮೊದಲೇ ಹೊರಡುತ್ತದೆ, ಅದು ನನ್ನ ಕಣ್ಣಿಗೇ ಕಾಣುತ್ತಿದೆ.

ಎಸೆಯುವಾಗ ಬೆರಳುಗಳನ್ನು ಬಿಳಿ ದಾರದ ಹೊಲಿಗೆ ಮೇಲೆ ಇಡಬೇಕು. ಬಿಡುವಾಗ ಚೆಂಡು ಬೆರಳ ತುದಿಯಿಂದ ಉರುಳಿ ಹೋಗಬೇಕು. ಹಾಗಾದರೆ ಬುಗುರಿಯ ಹಾಗೆ ತಿರುಗುತ್ತಾ ನೇರ ಹೋಗುತ್ತದೆ. ಸುಮ್ನೆ ಬೀಸಿದರೆ ತೂರಾಡುತ್ತದೆ.

ನಾನು ತಗೊಂಡದ್ದು ಚರ್ಮದ್ದಲ್ಲ, ಸಿಂಥೆಟಿಕ್. ನಮ್ಮ ಮಳೆಗೆ ಇದೇ ಸರಿ. ಚರ್ಮ ನೀರು ಕುಡಿದು ಭಾರವಾಗುತ್ತದೆ. ಇದು ಕೆಸರಾದರೂ ಒರೆಸಿದರೆ ಸಾಕು, ಮೈಮೇಲಿನ ಸಣ್ಣ ಗುಳ್ಳೆಗಳಿಂದ ಹಿಡಿತ ಉಳಿಯುತ್ತದೆ. ಆದರೆ ಜೋರು ಮಳೆಯಲ್ಲಿ ಜಾರುತ್ತದೆ, ಆಗ ಆಡಿಸಬೇಡಿ.

ಎರಡು ಬೇಸರ. ಚೆಂಡು ಗಾಳಿ ಇಲ್ಲದೆ ಬಂತು, ಪಂಪಿನ ಸೂಜಿ ಕೊಟ್ಟಿರಲಿಲ್ಲ. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಕಾಲೇಜಿನ ಫುಟ್‌ಬಾಲ್ ಸೂಜಿಯೇ ಹೊಂದಿತು. ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಿ, ಇಲ್ಲದಿದ್ದರೆ ಒಳಗಿನ ಬ್ಲಾಡರ್ ಹಾಳಾಗಬಹುದು. ಮೀಟರ್ ಇರುವ ಪಂಪಿನಲ್ಲಿ 13 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತನಕ ಹಾಕಿ. ಇನ್ನೊಂದು, ತುದಿಗಳ ಹತ್ತಿರದ ಬಿಳಿ ಪಟ್ಟೆ ತಿಂಗಳಲ್ಲೇ ಸಿಪ್ಪೆ ಏಳುತ್ತಿದೆ. ಕಾಲೇಜು ಆಟದ ಚೆಂಡಿಗೆ ಇರುವ ಪಟ್ಟೆ ಅದು, ಎನ್‌ಎಫ್‌ಎಲ್ ಚೆಂಡಿಗೆ ಇಲ್ಲ. ಅದನ್ನು ನೋಡಿಯೇ ನಾನು ಇದನ್ನು ಆರಿಸಿದ್ದೆ.

ಒದ್ದೆ ಚೆಂಡನ್ನು ಒಲೆ ಹತ್ತಿರ ಒಣಗಿಸಬೇಡಿ, ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡಿ. ಕೈ ಚಿಕ್ಕದಿರುವ ಮಕ್ಕಳಿಗೆ ಜೂನಿಯರ್ ಸೈಜ್ ತಗೊಳ್ಳಿ. ನಾನು ಮೊನ್ನೆ ಅದನ್ನೂ ಒಂದು ಆರ್ಡರ್ ಮಾಡಿದ್ದೇನೆ, ಈ ಸಲ ಬೇರೆಯವರ ಹತ್ತಿರ.