ಮಣ್ಣಿನ ಬದುವೋ, ಲಾವಂಚದ ಸಾಲೋ?

ಇಳಿಜಾರಿನ ಹೊಲಗಳ ಮಣ್ಣು ಉಳಿಸಲು ಊರವರೆಲ್ಲ ಸೇರಿದ್ದೀರಿ. ದುಡ್ಡು ಮಾತ್ರ ಒಂದೇ ಕೆಲಸಕ್ಕೆ ಸಾಲುತ್ತದೆ ಅಂದುಕೊಳ್ಳಿ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಬದು ಹಾಕುವುದೋ, ಲಾವಂಚದ ಹುಲ್ಲನ್ನು ಸಾಲಾಗಿ ನೆಡುವುದೋ, ಯಾವುದು ಆಗಬಹುದು?

ಬದು ಹಾಕಿದರೆ ಮೊದಲ ಮಳೆಯಿಂದಲೇ ಕೆಲಸ ಶುರು. ನೀರು ನಿಂತು ಇಂಗುತ್ತದೆ. ಆದರೆ ಬದುವಿಗೆ ಮಟ್ಟವೇ ಜೀವ. ಒಂದು ಕಡೆ ನಾಲ್ಕು ಬೆರಳು ತಗ್ಗಿದ್ದರೂ ಸಾಕು, ನಿಂತ ನೀರೆಲ್ಲ ಅಲ್ಲಿಗೇ ನುಗ್ಗಿ ಬದು ಒಡೆಯುತ್ತದೆ, ಕೆಳಗೆ ಕೊರಕಲು ಬೀಳುತ್ತದೆ. ಹೆಚ್ಚಾದ ನೀರು ಹೋಗಲು ಕಲ್ಲು ಕಟ್ಟಿದ ಕೋಡಿ ಬೇಕೇ ಬೇಕು. ವರ್ಷ ವರ್ಷ ರಿಪೇರಿಯೂ ಇದ್ದದ್ದೇ.

ಲಾವಂಚ ನೀರನ್ನು ಕಟ್ಟಿಹಾಕುವುದಿಲ್ಲ, ಸೋಸಿ ಬಿಡುತ್ತದೆ. ಮಣ್ಣು ಹಿಂದೆ ಉಳಿದು ನಿಧಾನವಾಗಿ ಮೆಟ್ಟಿಲಾಗುತ್ತದೆ. ಬೇರು 2-3 ಮೀಟರ್ ಆಳಕ್ಕೆ ಇಳಿಯುತ್ತದೆ. ಸಸಿಗಳನ್ನು 10-15 ಸೆಂಟಿಮೀಟರ್‌ಗೊಂದರಂತೆ ನೆಡಬೇಕು. ನಡುವೆ ಒಂದು ಸತ್ತರೂ ಆ ಸಂದಿಯಲ್ಲೇ ನೀರು ನುಗ್ಗುತ್ತದೆ. ಸಾಲು ಗಟ್ಟಿಯಾಗಲು ಎರಡು ಮೂರು ಮಳೆಗಾಲ ಬೇಕು, ಅಲ್ಲಿಯವರೆಗೆ ದನ ಬಿಡುವ ಹಾಗಿಲ್ಲ. ನೆರಳಲ್ಲಿ ಸೊರಗುತ್ತದೆ.

ನನ್ನ ಒಲವು ಲಾವಂಚದ ಕಡೆಗೆ, ದನ ಕಟ್ಟಲು ಎಲ್ಲರೂ ಒಪ್ಪಿದರೆ ಮಾತ್ರ. (ಒಪ್ಪಿಸೋದೇ ಕಷ್ಟ, ಅಲ್ವಾ?) ಆಗಲೇ ಆಳದ ಕೊರಕಲು ಬಿದ್ದಿದ್ದರೆ ಮೊದಲು ಅದಕ್ಕೆ ಅಡ್ಡಲಾಗಿ ಕಲ್ಲಿನ ತಡೆ ಹಾಕಿ.

ಯಾವುದೇ ಆದರೂ, ನೀರು ಇಂಗುತ್ತಿದೆಯಾ ಎಂದು ತಿಳಿಯಲು ಅಳತೆ ಇರಲಿ. ಬಾವಿಕಟ್ಟೆಯ ಮೇಲೆ ಒಂದು ಗುರುತು ಹಾಕಿ. ವಾರಕ್ಕೊಮ್ಮೆ ಬೆಳಿಗ್ಗೆ, ಪಂಪ್ ಹಾಕುವ ಮುಂಚೆ, ಅಲ್ಲಿಂದಲೇ ನೀರಿನ ಆಳ ಅಳೆಯಿರಿ. ಮಳೆಮಾಪಕದ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಿರಿ. ಮಳೆ ಜಾಸ್ತಿಯಾಗಿ ತುಂಬಿದ ಬಾವಿಯನ್ನು ಬದುವಿನ ಖಾತೆಗೆ ಸುಮ್ನೆ ಬರೆದುಕೊಳ್ಳಬಾರದು.