ಕಾಲು ಸರಿಯಾಯಿತು, ಕಾಗದದಲ್ಲಿ ಕಾಲೇ ಬದಲಾಯಿತು

ಬಳ್ಳಾರಿಯ ಒಂದು ನರ್ಸಿಂಗ್ ಹೋಮ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಚಿಕಿತ್ಸೆಗೆ 5ಕ್ಕೆ 5. ಕೈಗೆ ಕೊಟ್ಟ ಕಾಗದಕ್ಕೆ 2. ಆ 2 ಕೂಡ ಯಾಕೆ ಅಂದರೆ, ಕೊನೆಗೆ ಡಾಕ್ಟರೇ ಕೂತು ಸರಿಮಾಡಿಕೊಟ್ಟರು.

ಅಪ್ಪನಿಗೆ 64 ವರ್ಷ. ಮೂವತ್ತು ವರ್ಷ ಜೀನ್ಸ್ ಹೊಲಿದವರು, ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಹೋದ ದೀಪಾವಳಿ ಹೊತ್ತಿಗೆ ಎಡಗಾಲಿನ ಮೀನಖಂಡ ಹಿಡಿಯಲು ಶುರುವಾಯಿತು. ರಾಯಲ್ ಸರ್ಕಲ್ ಹತ್ತಿರ ಇಳಿದು ನಡೆದರೆ ನೂರಿನ್ನೂರು ಹೆಜ್ಜೆಗೆ ನಿಲ್ಲಬೇಕು. ಎರಡು ನಿಮಿಷ ನಿಂತರೆ ನೋವು ಮಾಯ. ಮತ್ತೆ ನಡೆದರೆ ಮತ್ತೆ ಅದೇ. ನಾಚಿಕೆಗೆ ಅಂಗಡಿಗಳ ಬೋರ್ಡ್ ಓದುವವರ ಹಾಗೆ ನಿಲ್ಲುತ್ತಿದ್ದರು. ವಯಸ್ಸಾಯ್ತು, ವಾಯು ಇರಬೇಕು ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು.

ಇಲ್ಲಿನ ಡಾಕ್ಟರು ಐದೇ ನಿಮಿಷದಲ್ಲಿ ಹಿಡಿದರು. ಅಪ್ಪನನ್ನು ಮಲಗಿಸಿ ತೋಳಿನಲ್ಲಿ ಬಿಪಿ ನೋಡಿದರು, ಆಮೇಲೆ ಪಾದದ ಗಂಟಿನ ಮೇಲೆ ಪಟ್ಟಿ ಕಟ್ಟಿ ಅಲ್ಲೂ ನೋಡಿದರು. ತೋಳಿನಲ್ಲಿ 140, ಎಡಗಾಲಿನಲ್ಲಿ 84. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 0.6. ಇದು 0.9ಕ್ಕಿಂತ ಕೆಳಗೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಅಂತ ಲೆಕ್ಕ. ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಮಾಡಿಸಿದಾಗ ಎಡತೊಡೆಯ ನಾಳ ಮುಕ್ಕಾಲಿಗಿಂತ ಜಾಸ್ತಿ ಕಟ್ಟಿಕೊಂಡಿತ್ತು. ಕೆಲವು ತಿಂಗಳು ಮಾತ್ರೆ, ದಿನಾ ನಡಿಗೆ, ಬೀಡಿ ಬಂದ್. ಅಷ್ಟಕ್ಕೆ ಬಗ್ಗದಿದ್ದಾಗ ಬಲೂನ್ ಹಾಕಿ ಅಗಲ ಮಾಡಿ, ನಾಳ ತೆರೆದೇ ಇರಲಿ ಅಂತ ಸ್ಟೆಂಟ್ ಅನ್ನುವ ಜಾಲರಿ ಕೊಳವೆ ಇಟ್ಟರು. ಮಾರನೇ ದಿನ ಅಪ್ಪ ವಾರ್ಡಿನ ಉದ್ದಕ್ಕೂ ನಿಲ್ಲದೆ ನಡೆದರು. ನರ್ಸ್‌ಗಳು ಒಳ್ಳೆಯವರು, ಹಾಸಿಗೆ ಸ್ವಚ್ಛ, ಬಿಲ್‌ನಲ್ಲಿ ಮೋಸ ಇಲ್ಲ.

ಈಗ ಕಾಗದದ ವಿಷಯ. ನಾನು ಮನೆಯಿಂದಲೇ ಮೆಡಿಕಲ್ ಕೋಡಿಂಗ್ ಮಾಡುತ್ತೇನೆ. ಅಮೆರಿಕದ ಆಸ್ಪತ್ರೆಗಳ ಟಿಪ್ಪಣಿ ಓದಿ ಕಾಯಿಲೆಗೆ ನಂಬರ್ ಹಾಕುವ ಕೆಲಸ. ದಿನವಿಡೀ ಬೇರೆಯವರ ಡಿಸ್ಚಾರ್ಜ್ ಸಮ್ಮರಿ (ಮನೆಗೆ ಕಳಿಸುವಾಗ ಕೊಡುವ ಚಿಕಿತ್ಸೆಯ ಸಾರಾಂಶ) ಜಾಲಾಡುವ ನಾನು, ನಮ್ಮಪ್ಪನದನ್ನು ಓದದೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದೆ! ಮನೆಗೆ ಹೋಗುವ ಆತುರ, ಏನು ಹೇಳಲಿ.

ಹನ್ನೆರಡನೇ ದಿನಕ್ಕೆ ಇನ್ಶೂರೆನ್ಸ್‌ನವರ ಪತ್ರ ಬಂತು. ಯಾವ ಕಾಲು?

ಆಗ ಬಿಡಿಸಿ ನೋಡಿದೆ. ಡಯಾಗ್ನೊಸಿಸ್ ಅಂತ ಇರುವಲ್ಲಿ ಮೂರೇ ಅಕ್ಷರ, ಪಿವಿಡಿ. ಪೆರಿಫೆರಲ್ ವ್ಯಾಸ್ಕುಲರ್ ಡಿಸೀಸ್, ಅಂದರೆ ಕೈಕಾಲಿನ ರಕ್ತನಾಳದ ಕಾಯಿಲೆ. ಎಡವೋ ಬಲವೋ ಇಲ್ಲ. ಯಾವ ನಾಳ, ಯಾತಕ್ಕೆ ಕಿರಿದಾಯಿತು, ನಡೆದಾಗ ನೋವೋ ಸುಮ್ನೆ ಕೂತಾಗಲೂ ನೋವೋ, ಯಾವುದೂ ಇಲ್ಲ. ಕೆಳಗೆ ಪ್ರೊಸೀಜರ್ ಸಾಲಿನಲ್ಲಿ ಮಾತ್ರ ಖಡಾಖಂಡಿತವಾಗಿ ಬಲಗಾಲು ಅಂತಿತ್ತು. ಡಾಪ್ಲರ್ ರಿಪೋರ್ಟ್ ಎಡ ಅನ್ನುತ್ತದೆ, ಸಮ್ಮರಿ ಬಲ ಅನ್ನುತ್ತದೆ. ಇನ್ಶೂರೆನ್ಸ್‌ನವರು ದುಡ್ಡು ತಡೆಹಿಡಿದಿದ್ದರಲ್ಲಿ ತಪ್ಪೇನಿದೆ?

ಈ ಬಲ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಎಡಗಾಲಿನ ನಾಳ ಬಿಡಿಸಲು ಎಷ್ಟೋ ಸಲ ಬಲ ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ಹೊಟ್ಟೆಯೊಳಗೆ ದೊಡ್ಡ ನಾಳ ಎರಡಾಗಿ ಕವಲೊಡೆಯುವ ಜಾಗ ದಾಟಿ ಆಚೆ ಕಡೆಗೆ ಇಳಿಯುತ್ತಾರೆ. ಅಪ್ಪನಿಗೂ ಹಾಗೇ ಮಾಡಿದ್ದರು. ಟೈಪ್ ಮಾಡಿದ ಹುಡುಗ ಚುಚ್ಚಿದ ಕಡೆಯನ್ನೇ ಕಾಯಿಲೆಯ ಕಡೆ ಮಾಡಿಬಿಟ್ಟಿದ್ದ. ಡಾಕ್ಟರು ಓದದೆ ಸಹಿ ಹಾಕಿದ್ದರು.

ನಾನು ಕೆಲಸದಲ್ಲಿ ಬಳಸುವ, ಕಾಯಿಲೆಗಳ ನಂಬರ್ ಇರುವ ಅಮೆರಿಕದ ಪಟ್ಟಿಯಲ್ಲಿ ಕೊನೆಯ ಅಂಕಿಯೇ ಕಾಲು ಹೇಳುತ್ತದೆ. ನಾಳದೊಳಗೆ ಕೊಬ್ಬು ಕಟ್ಟಿ, ನಡೆದಾಗ ನೋವು ಬರುತ್ತಿದ್ದರೆ ಬಲಗಾಲಿಗೆ ಐ70.211, ಎಡಗಾಲಿಗೆ ಐ70.212, ಎರಡಕ್ಕೂ ಆದರೆ ಐ70.213. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಪಟ್ಟಿ ಐಸಿಡಿ-10ರಲ್ಲಿ ಇದೆಲ್ಲ ಐ70.2 ಅನ್ನುವ ಒಂದೇ ಬುಟ್ಟಿ, ಎಡ ಬಲ ಅನ್ನುವ ಮಾತೇ ಇಲ್ಲ. ಬರೀ ಪಿವಿಡಿ ಅಂತ ಬರೆದರೆ ಅದೂ ಸಿಗುವುದಿಲ್ಲ, ಐ73.9ಕ್ಕೆ ಹೋಗಿ ಬೀಳುತ್ತದೆ. ಅಂದರೆ 'ಏನೋ ನಾಳದ ತೊಂದರೆ' ಅಂದ ಹಾಗೆ. ನಂಬರ್ ಕಾಲು ಹೇಳದಿದ್ದಾಗ ಡಾಕ್ಟರ ಒಂದು ಪದವೇ ಹೇಳಬೇಕು, ಅಲ್ವಾ? ಎರಡು ಕಾಗದ ಬೇರೆ ಬೇರೆ ಹೇಳುತ್ತಿರುವಾಗ ಡಾಪ್ಲರ್ ನೋಡಿ ನಾವೇ ಎಡ ಅಂತ ತಿಳಿದುಕೊಳ್ಳುವ ಹಾಗೂ ಇಲ್ಲ. ಕಾಯಿಲೆ ಏನು ಅಂತ ಡಾಕ್ಟರೇ ಬರೆಯಬೇಕು, ಕೋಡ್ ಹಾಕುವವರು ಊಹೆ ಮಾಡಬಾರದು.

ರೆಕಾರ್ಡ್ ರೂಮಿಗೆ ಮೂರು ಸಲ ಅಲೆದೆ. ಮೇ ತಿಂಗಳ ಬಳ್ಳಾರಿ ಬಿಸಿಲು, ಗೊತ್ತಲ್ಲ. ಮೊದಲ ಸಲ 'ಸಾಹೇಬ್ರು ಆಪರೇಷನ್‌ನಲ್ಲಿದ್ದಾರೆ'. ಎರಡನೇ ಸಲ 'ಫೈಲ್ ಸಿಗ್ತಿಲ್ಲ'. ಮೂರನೇ ಸಲ ಫೈಲ್ ಸಿಕ್ಕಿತು. ಸಿಬ್ಬಂದಿ ವೈಟ್ನರ್ ಬಾಟಲಿಯ ಮುಚ್ಚಳ ತೆಗೆದು, 'ತೊಗೊಳ್ಳಿ ಮೇಡಂ, ಎಡ ಅಂತ ಮಾಡಿಬಿಡೋಣ' ಅಂದರು. ಕೈ ಹಿಡಿದು ನಿಲ್ಲಿಸಿದೆ. ಬಿಳಿ ಬಳಿದ ಸಮ್ಮರಿ ಕಳಿಸಿದರೆ ಕ್ಲೇಮ್ ಅಲ್ಲಿಗೇ ಮುಗಿಯಿತು.

ಕೆಲಸದಲ್ಲಿ ಡಾಕ್ಟರಿಗೆ ಪ್ರಶ್ನೆ ಕಳಿಸುವ ಹಾಗೇ ಒಂದು ಚೀಟಿ ಬರೆದೆ. 'ಎಡ ಅಂತ ಬರೆಯಿರಿ' ಅಂತ ಕೇಳಬಾರದು, ಉತ್ತರ ನಾವೇ ಬಾಯಿಗಿಟ್ಟ ಹಾಗಾಗುತ್ತದೆ. 'ಡಾಪ್ಲರ್‌ನಲ್ಲಿ ಎಡ ಇದೆ, ಸಮ್ಮರಿಯಲ್ಲಿ ಬಲ ಇದೆ, ಚಿಕಿತ್ಸೆ ಆದ ಕಾಲು ಯಾವುದು, ಕಾರಣವೇನು, ತಿಳಿಸಿ' ಅಷ್ಟೇ. ಡಾಕ್ಟರು ಓದಿ ತಲೆ ಚಚ್ಚಿಕೊಂಡರು. ತಪ್ಪು ಸಾಲಿನ ಮೇಲೆ ಒಂದೇ ಗೆರೆ ಎಳೆದರು, ಹಳೆಯದು ಕಾಣುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ತಾರೀಕು, ಸಮಯ, ಸಹಿ. ಎಡತೊಡೆಯ ನಾಳ, ಕೊಬ್ಬು ಕಟ್ಟಿದ್ದು, ನಡೆದಾಗ ನೋವು, ಬಲ ಸಂದಿಯಿಂದ ಹೋಗಿ ಮಾಡಿದ್ದು, ಎಲ್ಲ ಸೇರಿ ಆರು ಸಾಲು. ಹತ್ತು ನಿಮಿಷದ ಕೆಲಸ. ಅದಕ್ಕೆ ನಮ್ಮ 1 ಲಕ್ಷ 62 ಸಾವಿರ ಹತ್ತೊಂಬತ್ತು ದಿನ ನಿಂತಿತ್ತು.

ಅಲ್ಲಿಗೆ ಹೋಗುವುದಾದರೆ ಧೈರ್ಯವಾಗಿ ಹೋಗಿ. ಬಿಲ್ ಕಟ್ಟುವ ಮುಂಚೆ ಸಮ್ಮರಿ ಕೌಂಟರ್ ಮುಂದೆಯೇ ಬಿಡಿಸಿ, ಎಡ ಬಲ ಮೊದಲು ನೋಡಿ.

ಮೂರು ತಿಂಗಳ ಚೆಕಪ್‌ಗೆ ಮೊನ್ನೆ ಹೋಗಿದ್ದೆವು. ಕಾಲು-ತೋಳಿನ ಬಿಪಿ ಲೆಕ್ಕ 0.94 ಬಂತು. ಕಾಗದದಲ್ಲಿ 'ಎಡಗಾಲು' ಅಂತ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಕೆಳಗೆ ಗೆರೆ ಬೇರೆ ಎಳೆದಿದ್ದರು. ಅಪ್ಪ ಓದಿ ನಕ್ಕರು. ಹೊರಗೆ ಬಂದವರೇ ಎದುರಿನ ಗಾಡಿಯ ಒಗ್ಗರಣೆ ಮಿರ್ಚಿ ಕಡೆ ನೋಡುತ್ತಾ ನಿಂತರು. ಕಾಲು ನೋವಾ ಅಂತ ಕೇಳಿದೆ. ಇಲ್ಲವಂತೆ, ಬೋರ್ಡ್ ಓದುತ್ತಿದ್ದರಂತೆ.