500, 400, 340: ನಿಮ್ಮ ಕಾಂಪೌಂಡ್ ಬಿಲ್ಲಿಗೆ ಯಾವ ಬಾಣ?

ಮಂಡ್ಯದ ಗೆಳೆಯರೊಬ್ಬರು ಕೇಳಿದ್ದರು: 50 ಪೌಂಡಿನ (ಎಳೆಯಲು ಬೇಕಾದ ಬಲ) ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ರಾಟೆ ಇರುವ ಬಿಲ್ಲು, 28 ಇಂಚಿನ ಬಾಣ, ಯಾವ ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಎಂದು ಹೇಳುವ ನಂಬರ್) ಕೊಳ್ಳಲಿ?

ಮೊದಲು ಒಂದು ಗೊಂದಲ ಬಿಡಿಸೋಣ. ನಂಬರ್ ಜಾಸ್ತಿ ಆದಷ್ಟೂ ಬಾಣ ಮೆದು. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವಿಟ್ಟು, ನಡುವೆ 880 ಗ್ರಾಂ ತೂಗಿಸಿದಾಗ ಅರ್ಧ ಇಂಚು ಬಾಗಿದರೆ ಅದು 500.

ಬಿಲ್ಲಿನ ಬಲ ನೋಡಿದರೆ ನಿಮಗೆ 500 ಸಾಕು. 60 ಪೌಂಡಿಗೆ ಏರಿಸುವ ಯೋಚನೆ ಇದ್ದರೆ 400. 340 ಎಂದರೆ 70 ಪೌಂಡಿನವರ ಮಾತು. ಸ್ಪರ್ಧೆಗಾದರೆ ಅದರ ಗೊಡವೆ ಅಪರೂಪ, ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮದಲ್ಲಿ 60 ಪೌಂಡೇ ಮಿತಿ.

ಉದ್ದವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಗದ್ದೆಯ ಕಬ್ಬನ್ನೇ ನೋಡಿ: ಉದ್ದ ಜಲ್ಲೆ ಬಾಗುತ್ತದೆ, ತುಂಡು ಮಾಡಿದರೆ ಬಿರುಸು. ಹಾಗೇ 30 ಇಂಚಿನ 500 ನಿಮಗೆ ಮೆದುವಾಗಬಹುದು. ಮುಂದೆ 100 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಬದಲು 125 ಗ್ರೇನ್ ತುದಿ ಹಾಕಿದರೂ ಅದೇ ಪರಿಣಾಮ. ಕತ್ತರಿಸಿದರೆ ಬಾಣ ಬಿರುಸಾಗುತ್ತದೆ, ಆದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸೋಕೆ ಆಗಲ್ಲ ಅಲ್ವಾ!

ವೇಗ ಬೇಕೆಂದರೆ 500 ಹಗುರ. ಆದರೂ ಬಾಣದ ಒಟ್ಟು ತೂಕ ಪೌಂಡಿಗೆ 5 ಗ್ರೇನ್‌ಗಿಂತ ಕಡಿಮೆ ಆಗಬಾರದು, ಅಂದರೆ ನಿಮಗೆ 250 ಗ್ರೇನ್.

ಎರಡು ಸ್ಪೈನ್‌ಗಳ ನಡುವೆ ಸಿಕ್ಕಿಕೊಂಡರೆ ನಾನು ಬಿರುಸಿನ ಕಡೆ ವಾಲುತ್ತೇನೆ. ತೀರಾ ಮೆದು ಬಾಣ ಬಿಡುವಾಗಲೇ ಮುರಿಯಬಹುದು, ಕೈಗೆ ಅಪಾಯ. ಕೊಳ್ಳುವ ಮುಂಚೆ ತಯಾರಕರ ಚಾರ್ಟ್ ನೋಡಿ. ಡಜನ್ ಬೇಡ, ಮೊದಲು ಎರಡು ಮೂರು ತಂದು ಬಿಟ್ಟು ನೋಡಿ.